ಕೆಂಪು ಬಿದ್ದ ಜಾಗ

ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಗುಮ್ಮ ಸುಳ್ಳಾದ ವರ್ಷ ನಾನು ಟೋಕಿಯೋದ ಒಂದು ಕಂಪನಿಯಲ್ಲಿದ್ದೆ. ಕಸ ಸುಡುವ ಕಾರ್ಖಾನೆ ಕಟ್ಟುವ ಮೊದಲೇ ಅದರ ಹೊಗೆ ಎಲ್ಲಿ ಬೀಳುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನಕಾಶೆ ಮಾಡುವುದು ನನ್ನ ಕೆಲಸ. ನಮ್ಮ ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಬುಚೋ-ಸಾನ್ ಎನ್ನುತ್ತಿದ್ದರು. ದಿನವೂ ಸುಟ್ಟ ಮೀನು ತಿನ್ನುವ ಆ ಪುಣ್ಯಾತ್ಮನಿಗೆ ನನ್ನ ಚಟ್ನಿಪುಡಿಯ ಇಂಗು ನಾರುತ್ತಿತ್ತು. ಎಲ್ಲರೆದುರೇ ಮೂಗು ಮುಚ್ಚಿಕೊಂಡು, ಊಟಕ್ಕೆ ನನ್ನನ್ನು ಹೊರಗಿನ ಮೆಟ್ಟಿಲಿಗೆ ಅಟ್ಟಿದ. ಚಳಿಯಲ್ಲಿ ಕೂತು ತಣ್ಣನೆ ಅನ್ನ ನುಂಗುತ್ತಾ ಹಲ್ಲು ಕಡಿಯುತ್ತಿದ್ದೆ.

ಒಂದು ನಕಾಶೆಯಲ್ಲಿ, ಹೊಗೆ ಅತಿ ಹೆಚ್ಚು ಬೀಳುವ ಕೆಂಪು ಜಾಗ ಶಾಲೆಯ ಮೇಲೆ ಬಂತು.

"ಚಿಮಣಿ ಎತ್ತರ ಮಾಡಿ ನೋಡಿ," ಎಂದ ಬುಚೋ-ಸಾನ್.

ಎತ್ತರ ಮಾಡಿದರೆ ಹೊಗೆ ತೆಳುವಾಗಿ, ಇನ್ನೂ ದೂರ ಹೋಗಿ ಬೀಳುತ್ತದೆ. ಆ ದೂರದಲ್ಲಿದ್ದದ್ದು ಅವನು ಆಗಷ್ಟೇ ಕೊಂಡ ಮನೆ. ಕೆಂಪು ನೇರ ಅದರ ಮೇಲೆ ಕೂತಿತು. ನಾನು ಅದನ್ನು ಹಾಗೆಯೇ ಮೀಟಿಂಗಿಗೆ ಒಯ್ದೆ.

ಊಟಕ್ಕೆ ಮುಂಚಿನ ಮೀಟಿಂಗಿನಲ್ಲಿ, ಪರದೆಯ ಮೇಲೆ ತನ್ನ ಬೀದಿ ಕಂಡು ಅವನ ಮುಖ ಬಿಳಿಚಿಕೊಂಡಿತು.

"ಇದು ಡೇಂಜರಾ?"

ಕೆಂಪೆಂದರೆ ಆ ನಕಾಶೆಯಲ್ಲಿ ಉಳಿದ ಕಡೆಗಿಂತ ಹೆಚ್ಚು ಎಂದಷ್ಟೇ ಅರ್ಥ; ಅಲ್ಲಿ ಬೀಳುವ ಹೊಗೆ ಏನೇನೂ ಅಲ್ಲವೆಂದು ನನಗೆ ಗೊತ್ತಿತ್ತು.

"ಸುಮಿಮಾಸೆನ್, ಕ್ಷಮಿಸಿ ಬುಚೋ-ಸಾನ್. ಊಟ ಮುಗಿಸಿ, ನೋಡಿ ಹೇಳ್ತೀನಿ," ಎಂದು ಎದ್ದು ಬಂದು, ಮೆಟ್ಟಿಲಿಗೆ ಹೋಗದೆ ನನ್ನ ಮೇಜಿನ ಮೇಲೆಯೇ ಡಬ್ಬಿ ಬಿಚ್ಚಿದೆ.

ಅವನು ಪಕ್ಕದಲ್ಲೇ ನಿಂತು ಕಾದ. ನಾನು ಚಟ್ನಿಪುಡಿಗೆ ಇನ್ನಷ್ಟು ಎಣ್ಣೆ ಸುರಿದು, ನಿಧಾನವಾಗಿ ಕಲಸಿದೆ.