ಸೈಕಲ್ಲಿಗೆ ಆಡಿನ ಗಂಟೆ

ಕಿರುಗಾವಲಿನ ಆಚೆ ಗುಡ್ಡದಲ್ಲಿ ನಾವೊಂದಷ್ಟು ಸೈಕಲ್ ಹುಚ್ಚರು ಸೇರಿ, ಲಂಟಾನ ಪೊದೆ ಕಡಿದು, ಹಳೆಯ ಕಾಲುದಾರಿಯೊಂದನ್ನು ಬಿಡಿಸಿದ್ದೆವು. ಆದರೆ ಪ್ರತಿ ಭಾನುವಾರವೂ ಗುಡ್ಡದ ಬುಡದಲ್ಲಿ ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಬಿದ್ದಿರುತ್ತಿತ್ತು. ಒಂದು ದಿನ ಬೇಗನೆ ಹೋದೆ. ಆಡು ಮೇಯಿಸುವ ಕೆಂಪಮ್ಮ ಮುಳ್ಳು ಎಳೆದು ಹಾಕುತ್ತಿದ್ದರು.

"ಯಾಕಮ್ಮ? ಇದು ನಾವು ಬಿಡಿಸಿದ ದಾರಿ" ಎಂದೆ.

"ನೀವ್ ಬುಡ್ಸೋಕ್ ಮುಂಚೆ ನನ್ ಆಡು ಆಕಾಸ್ದಲ್ಲಿ ಓಯ್ತಿದ್ವಾ? ಸದ್ದಿಲ್ದೆ ಮೇಲಿಂದ ನುಗ್ತೀರ, ಮರಿಯೆಲ್ಲ ಬೆದ್ರಿ ಚೆದುರೋಯ್ತವೆ ಕಣಪ್ಪ."

ಮುಂದಿನ ವಾರ ಸಂತೆಯಿಂದ ಆಡಿನ ಕೊರಳಿಗೆ ಕಟ್ಟುವ ಗಂಟೆಗಳನ್ನೇ ತಂದು ಎಲ್ಲರ ಹ್ಯಾಂಡಲ್ಲಿಗೂ ಕಟ್ಟಿದೆ. ಗುಡ್ಡದ ತುದಿಯಿಂದ ಗಂಟೆ ಬಾರಿಸಿಕೊಂಡು ಇಳಿದೆವು. ಒಂದು ಆಡೂ ಬೆದರಲಿಲ್ಲ. ತಲೆ ಎತ್ತಿ ನೋಡಿ, ಮೆಲುಕು ಹಾಕುತ್ತಲೇ ಪಕ್ಕಕ್ಕೆ ಸರಿದವು. ಬುಡದಲ್ಲಿ ನಿಂತಿದ್ದ ಕೆಂಪಮ್ಮ ಮುಳ್ಳನ್ನು ತಾವೇ ಎಳೆದು ಬದಿಗೆ ಎಸೆದರು.

"ಇನ್ ಓಗಿ. ಲಂಟಾನ ಬೆಳೆದ್ರೆ ನಾನೂ ಸವರ್ತೀನಿ ಬುಡಿ" ಎಂದರು.

ಅಂದಿನಿಂದ ದಾರಿಗೆ ಮುಳ್ಳು ಬಿದ್ದಿಲ್ಲ. ಒಂದೇ ತಕರಾರು. ಎರಡು ಮರಿಗಳು ಗಂಟೆ ಕೇಳಿದರೆ ಸಾಕು, ನನ್ನ ಸೈಕಲ್ಲಿನ ಹಿಂದೆಯೇ ಊರವರೆಗೂ ಬಂದುಬಿಡುತ್ತವೆ. ಅವನ್ನು ವಾಪಸ್ ಬಿಟ್ಟು ಬರಲು ನಾನು ಮತ್ತೆ ಗುಡ್ಡ ಹತ್ತಬೇಕು.