ಹೊಗೆಸೊಪ್ಪಿನೊಳಗಿನ ಮಾರ್ಕ್ಸ್ ಕಾರ್ಡು

ಡಾಕ್ಟರಾಗಬೇಕಾದರೆ ಚೆನ್ನಾಗಿ ಓದಿದರೆ ಸಾಕು ಎಂದು ಭಾಷಣ ಬಿಗಿಯುವವರು ಹಾರನಹಳ್ಳಿಯ ಪದ್ಮಶ್ರೀಯ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಓದುವ ಮಾತು ಹಾಗಿರಲಿ, ಅಲ್ಲಿ ಪುಸ್ತಕದ ಹಾಳೆ ತಿರುಗಿಸುವುದೇ ಒಂದು ಪಾಡು. ಗಿಡದಿಂದ ಹೊಗೆಸೊಪ್ಪು ಮುರಿದ ಕೈಗೆ ಕಪ್ಪಗೆ ಅಂಟು ಮೆತ್ತಿಕೊಳ್ಳುತ್ತದೆ. ಸೋಪಿಗೆಲ್ಲ ಅದು ಜಗ್ಗುವುದಿಲ್ಲ, ಟೊಮೆಟೊ ಹಿಂಡಿ ತಿಕ್ಕಬೇಕು. ಅಷ್ಟು ತಾಳ್ಮೆಯಿಲ್ಲದೆ ಪುಸ್ತಕ ಹಿಡಿದರೆ ಹಾಳೆ ಬೆರಳಿಗೆ ಅಂಟಿಕೊಂಡು ಹರಿದು ಬರುತ್ತದೆ. ಅವಳ ಭೌತಶಾಸ್ತ್ರದ ಪುಸ್ತಕದಲ್ಲಿ ಹಾಗೆ ಹರಿದ ಹಾಳೆಗಳೇ ಜಾಸ್ತಿ. ನೀಟ್ ಪರೀಕ್ಷೆಯಲ್ಲಿ ಮೊದಲ ಸಲ ಕೈಕೊಟ್ಟದ್ದೂ ಭೌತಶಾಸ್ತ್ರವೇ, ಎರಡನೇ ಸಲ ಕೈಕೊಟ್ಟದ್ದೂ ಅದೇ.

ಈ ಹುಚ್ಚು ಅವಳಿಗೆ ಹತ್ತಿದ್ದು ಅಮ್ಮನ ದೆಸೆಯಿಂದ. ಪ್ರತಿ ಮಳೆಗಾಲದಲ್ಲಿ ಒದ್ದೆ ಸೊಪ್ಪು ಮುರಿದ ದಿನ ಸುನಂದಮ್ಮನಿಗೆ ತಲೆ ಸುತ್ತುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು, ಕರುಳು ಕಿತ್ತು ಬರುವಂತೆ ವಾಂತಿಯಾಗುತ್ತಿತ್ತು. ಎರಡು ಮೂರು ದಿನ ಮಲಗಿದಲ್ಲೇ. ಮನೆಯವರು ದೃಷ್ಟಿ ತೆಗೆದರು, ತಡೆ ಒಡೆಸಿದರು, ತಾಯತ ಕಟ್ಟಿಸಿದರು. ಪದ್ಮಶ್ರೀ ಏಳನೇ ಕ್ಲಾಸಿನಲ್ಲಿದ್ದಾಗ ಹುಣಸೂರಿನ ಒಬ್ಬ ಡಾಕ್ಟರಮ್ಮ ನಾಡಿ ಹಿಡಿಯುವ ಮೊದಲೇ, "ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದರು. ಸೊಪ್ಪಿನ ರಸ ಒದ್ದೆ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ, ಕೈಗೆ ಗ್ಲೌಸ್ ಹಾಕಿಕೊಳ್ಳಿ, ನೆಂದ ಬಟ್ಟೆ ಬೇಗ ಬದಲಿಸಿ ಎಂದರು. ಅಷ್ಟೇ! ಇಷ್ಟು ಸಣ್ಣ ವಿಷಯ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲವಲ್ಲ ಎಂದು ಆ ಹುಡುಗಿಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ತಾನು ಡಾಕ್ಟರಾಗಬೇಕು ಎಂದು ಅವಳು ತೀರ್ಮಾನಿಸಿದ್ದು ಆ ಸಿಟ್ಟಿನಲ್ಲೇ.

ಇನ್ನು ಸುನಂದಮ್ಮ ಗ್ಲೌಸ್ ಹಾಕಿಕೊಂಡಳೇ ಎಂದು ಕೇಳಬೇಡಿ. "ಅದ ಆಕಂಡ್ರೆ ಸೊಪ್ಪು ಬಲ್ತದೋ ಇಲ್ವೋ ಕೈಗೆ ಎಂಗಮ್ಮಿ ಗೊತ್ತಾಯ್ತದೆ?" ಎಂದು ಬರಿಗೈಯಲ್ಲೇ ಮುರಿದಳು, ವಾಂತಿ ಮಾಡಿಕೊಂಡಳು, ಮರುವರ್ಷ ಮತ್ತೆ ಮುರಿದಳು. ಮಗಳು ತಂದ ಗ್ಲೌಸ್ ಮೆಣಸಿನಪುಡಿ ಕಲಸುವುದಕ್ಕೆ ಬಳಕೆಯಾಯಿತು.

ಅಪ್ಪ ಮಹದೇವಪ್ಪನದು ಇನ್ನೊಂದು ಬಗೆಯ ಕಾಟ. ಆತನಿಗೆ ಮಾತೇ ಕಡಿಮೆ, ಇರುವ ನಾಲ್ಕು ಮಾತೂ ಹೊಗೆಸೊಪ್ಪಿಗೇ ಮೀಸಲು. ಸೊಪ್ಪನ್ನು ಬೆಂಕಿಯ ಕಾವಿನ ಬ್ಯಾರನ್ ಮನೆಯಲ್ಲಿ ಒಣಗಿಸಿ, ಬಣ್ಣ ನೋಡಿ ವಿಂಗಡಿಸಿ, ಗೋಣಿತಾಟು ಸುತ್ತಿ ಬೇಲ್ ಕಟ್ಟಿದನೆಂದರೆ ಹರಾಜು ಮಾರುಕಟ್ಟೆಯಲ್ಲಿ ಕಣ್ಣು ಮುಚ್ಚಿ ಕೊಳ್ಳಬಹುದು ಎನ್ನುವಷ್ಟು ಹೆಸರು. ಸೊಪ್ಪಿನ ನಡುವೆ ಒಂದು ದಾರ, ಒಂದು ಕೋಳಿಪುಕ್ಕ, ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿದರೂ ಬೇಲ್ ವಾಪಸ್ ಕಳಿಸುತ್ತಾರೆ. ಹದಿನೆಂಟು ವರ್ಷದಲ್ಲಿ ಮಹದೇವಪ್ಪನ ಒಂದು ಬೇಲ್ ಕೂಡ ಹಾಗೆ ವಾಪಸ್ ಬಂದದ್ದಿಲ್ಲ. ಮಗಳ ಓದಿನ ಬಗ್ಗೆ ಆತ ಆಡಿದ್ದು ಒಂದೇ ಮಾತು: "ಬಿಎಸ್ಸಿಗೆ ಸೇರ್ಕಂಡಿದ್ರೆ ಇಷ್ಟೊತ್ಗೆ ಮುಗೀತಾ ಬರೋದು." ಊಟಕ್ಕೆ ಕೂತಾಗ ತಿಂಗಳಿಗೊಮ್ಮೆ ಇದು ತಪ್ಪುತ್ತಿರಲಿಲ್ಲ. ಪದ್ಮಶ್ರೀ ತಟ್ಟೆ ಕುಕ್ಕಿ ಏಳುತ್ತಿದ್ದಳು.

ಮೂರನೇ ಸಲ ಅವಳು ಹಟ ಹಿಡಿದು ಓದಿದಳು. ಸೊಪ್ಪು ಮುರಿಯುವ ದಿನ ಅವಳಿಗೂ ಈಗ ಅಮ್ಮನಂತೆಯೇ ಹೊಟ್ಟೆ ತೊಳಸುತ್ತಿತ್ತು. ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡೇ ಲೆಕ್ಕ ಬಿಡಿಸಿದಳು. ಕೊನೆಗೂ ಅಂಕ ಬಂತು. ಬಂತು ಎಂದರೆ ಅಂಚಿನಲ್ಲಿ ಬಂತು. ಮೊದಲ ಸುತ್ತಿನಲ್ಲಿ ಸೀಟಿಲ್ಲ, ಎರಡನೆಯದರಲ್ಲೂ ಇಲ್ಲ. ಕಡೇ ಸುತ್ತಿನ ಪಟ್ಟಿ ಒಂದು ಬುಧವಾರ ಸಂಜೆ ಮೊಬೈಲಿಗೆ ಬಂದಾಗ ಅದರಲ್ಲಿ ಅವಳ ಹೆಸರಿತ್ತು: ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು. ಮೂಲ ದಾಖಲೆಗಳೊಂದಿಗೆ ಗುರುವಾರ ಸಂಜೆ ನಾಲ್ಕರೊಳಗೆ ಹಾಜರಾಗಬೇಕು, ತಪ್ಪಿದರೆ ಸೀಟು ಮುಂದಿನವರಿಗೆ. ಮತ್ತೊಂದು ಸುತ್ತು ಇಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಅವಳು ಟ್ರಂಕು ತೆಗೆದರೆ ಮಾರ್ಕ್ಸ್ ಕಾರ್ಡುಗಳ ಪ್ಲಾಸ್ಟಿಕ್ ಕವರ್ ಇಲ್ಲ. ಅದರಲ್ಲೇ ಎಸ್ಸೆಸ್ಸೆಲ್ಸಿ, ಪಿಯುಸಿ, ಜಾತಿ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗದ ಪತ್ರ ಎಲ್ಲ.

"ಅಮ್ಮಾ, ಕವರ್ ಎಲ್ಲಿ?"

"ಟ್ರಂಕಿಗೆ ಗೆದ್ಲು ಇಡ್ದಿತ್ತು ಕಣಮ್ಮಿ. ನಾನೇ ತೆಗ್ದು ಬದ್ರವಾಗಿ ಇಟ್ಟಿವ್ನಿ."

"ಎಲ್ಲಿ ಇಟ್ಟಿದ್ದೀಯ?"

"ಸೊಪ್ಪಿನೊಳಗೆ."

ಆ ಊರಿನಲ್ಲಿ ಇದು ಹೊಸದಲ್ಲ. ಹೊಗೆಸೊಪ್ಪಿನ ಘಾಟಿಗೆ ಗೆದ್ದಲಾಗಲಿ ನುಸಿಯಾಗಲಿ ಹತ್ತಿರ ಸುಳಿಯುವುದಿಲ್ಲವೆಂದು ರೇಷ್ಮೆ ಸೀರೆಯ ಮಡಿಕೆಗೂ, ಪಹಣಿ ಪತ್ರದ ಗಂಟಿಗೂ ಸೊಪ್ಪು ಸೇರಿಸಿಡುತ್ತಾರೆ. ಆದರೆ ಸುನಂದಮ್ಮ ಯಾವುದರಲ್ಲೂ ಒಂದು ಕೈ ಹೆಚ್ಚೇ. ಕಟ್ಟಿಟ್ಟಿದ್ದ ಬೇಲ್ ಒಂದರ ಮೂಲೆ ಹೊಲಿಗೆ ಬಿಚ್ಚಿ, ನಡುವೆ ಕವರ್ ತುರುಕಿ, ಮತ್ತೆ ಹೊಲಿದಿದ್ದಳು. ಆ ಬೇಲ್ ಕಡೇ ಸರತಿಗೆ ಹೋಗುತ್ತದೆ ಎಂದುಕೊಂಡಿದ್ದಳಂತೆ. ಗಂಡ ಅವತ್ತು ಬೆಳಿಗ್ಗೆ ಐದಕ್ಕೇ ಏಳು ಬೇಲ್‌ಗಳನ್ನು ಟೆಂಪೊಗೆ ಹೇರಿಕೊಂಡು ಹರಾಜಿಗೆ ಹೋಗಿಯಾಗಿತ್ತು. ಮನೆಯಲ್ಲಿ ಒಂದೂ ಉಳಿದಿರಲಿಲ್ಲ.

"ಯಾವ ಬೇಲಮ್ಮಾ?"

"ಮೂಲೇಲಿ ಇತ್ತಲ್ಲ, ಅದು."

"ಅಯ್ಯೋ ನನ್ನ ಕರ್ಮವೇ! ಈಗ ಮೂಲೇಲಿ ಎಲ್ಲದೆ ಅದು!" ಎಂದು ಪದ್ಮಶ್ರೀ ತಲೆ ಚಚ್ಚಿಕೊಂಡಳು. ಸುನಂದಮ್ಮ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಗದರುವ ಹಾಗೂ ಇಲ್ಲ, ಸುಮ್ಮನಿರುವ ಹಾಗೂ ಇಲ್ಲ. ಅಪ್ಪನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹರಾಜಿನ ದಿನ ಆ ಮನುಷ್ಯ ಫೋನ್ ಆರಿಸಿಬಿಡುತ್ತಿದ್ದ.

ಚಿಕ್ಕಪ್ಪನ ಮಗ ಶಶಿಕುಮಾರ್ ಬೈಕ್ ತಂದ. ತಂದವನು ಸುಮ್ಮನೆ ಓಡಿಸಬಾರದೇ? "ಎಲ್ಲಾ ಫೋನಲ್ಲೇ ಇರ್ತದಲ್ಲಕ್ಕ, ತೋರ್ಸುದ್ರಾಯ್ತು," ಎಂದ.

"ಒರಿಜಿನಲ್ ಬೇಕು ಅಂದವ್ರೆ ಕಣ್ಲಾ! ಮುಚ್ಕೊಂಡು ಓಡ್ಸು!"

ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ. ಕವರ್ ಬೇಕಾದರೆ ಅಪ್ಪ ಎಲ್ಲರೆದುರು ಎದ್ದು ನಿಂತು ತನ್ನ ಬೇಲ್‌ನಲ್ಲಿ ಪ್ಲಾಸ್ಟಿಕ್ ಇದೆ ಎಂದು ತಾನೇ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡರೆ ಏಳೂ ಬೇಲ್ ವಾಪಸ್, ಸರತಿಯೂ ಹೋಯಿತು, ಹೆಸರೂ ಹೋಯಿತು. ಅಪ್ಪ ಅದನ್ನು ಮಾಡುತ್ತಾನೆಯೇ? ಬಿಎಸ್ಸಿಗೆ ಸೇರಬೇಕಿತ್ತು ಎನ್ನುವ ಅಪ್ಪ? ಸತ್ತರೂ ಮಾಡುವುದಿಲ್ಲ ಎಂದೇ ಅವಳಿಗೆ ಅನ್ನಿಸಿತು. ಹರಾಜು ಮುಗಿಯಲಿ ನೋಡೋಣ ಎನ್ನುತ್ತಾನೆ, ಬೇಲ್ ಯಾವುದೋ ಕಂಪನಿಯ ಲಾರಿ ಹತ್ತುತ್ತದೆ, ಅಲ್ಲಿಗೆ ಮೂರು ವರ್ಷ ಮಣ್ಣುಪಾಲು.

ಮಾರುಕಟ್ಟೆಯ ಉದ್ದನೆಯ ಶೆಡ್ಡಿನಲ್ಲಿ ಬೇಲ್‌ಗಳು ಸಾಲಾಗಿ ಕೂತಿದ್ದವು. ಹರಾಜು ಕೂಗುವವರು ಮಹದೇವಪ್ಪನ ಸಾಲಿಗೆ ಇನ್ನೂ ನಾಲ್ಕು ಸಾಲು ದೂರದಲ್ಲಿದ್ದರು. ಆತ ಒಗೆದ ಬಿಳಿ ಅಂಗಿ ತೊಟ್ಟು, ಕೈಕಟ್ಟಿಕೊಂಡು, ತನ್ನ ಬೇಲ್‌ಗಳ ಪಕ್ಕ ನಿಂತಿದ್ದ. ಪದ್ಮಶ್ರೀ ಏದುಸಿರು ಬಿಡುತ್ತ ಹೋಗಿ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಬೈಗುಳ ಬೀಳುತ್ತದೆಂದು ಕಾದಳು.

ಮಹದೇವಪ್ಪ ಬಯ್ಯಲಿಲ್ಲ. "ಎಷ್ಟೊತ್ಗೆ ಓಗ್ಬೇಕು?" ಎಂದ.

"ನಾಲ್ಕು ಗಂಟೆಯೊಳಗೆ ಮಂಡ್ಯದಲ್ಲಿ ಇರ್ಬೇಕಪ್ಪ."

ಆತ ಸೀದಾ ಹರಾಜು ನಡೆಸುವ ಅಧಿಕಾರಿಯ ಬಳಿ ಹೋದ. "ಸಾ, ನನ್ ಬೇಲ್ ಕೂಗ್ಬೇಡಿ. ಒಳಗೆ ಪ್ಲಾಸ್ಟಿಕ್ ಅದೆ."

ಅಧಿಕಾರಿಗೆ ನಂಬಿಕೆ ಬರಲಿಲ್ಲ. "ಏನ್ ಮಹದೇವಪ್ಪ, ನಿಮ್ ಬೇಲ್‌ನಲ್ಲಿ ಪ್ಲಾಸ್ಟಿಕ್ಕಾ? ಯಾವುದರಲ್ಲಿ?"

"ಗೊತ್ತಿಲ್ಲ ಸಾ. ಏಳೂ ಬಿಚ್ಬೇಕು."

"ಬಿಚ್ಚಿದರೆ ಇವತ್ತಿನ ಸರತಿ ಹೋಯ್ತು ಕಣ್ರೀ. ಇನ್ನು ಎರಡು ವಾರ ಕಾಯಬೇಕು. ಅಷ್ಟರಲ್ಲಿ ಮಳೆ ಗಾಳಿಗೆ ಸೊಪ್ಪಿನ ಬಣ್ಣ ಕೆಡುತ್ತೆ. ಯೋಚನೆ ಮಾಡಿ."

"ಕೆಡ್ಲಿ ಬುಡಿ ಸಾ."

ಹಾಗೆಂದವನೇ ಆತ ಬಂದು ಮೊದಲ ಬೇಲ್‌ನ ಹಗ್ಗಕ್ಕೆ ಕುಡುಗೋಲು ಹಾಕಿದ. ಒಂದೊಂದು ಎಲೆಯನ್ನೂ ನೀವಿ ನೀವಿ ಜೋಡಿಸಿದ್ದ ಸೊಪ್ಪು ನೆಲಕ್ಕೆ ಸುರಿಯಿತು. ಎರಡನೆಯದು, ಮೂರನೆಯದು. ಯಾರೋ ಕಿಸಕ್ಕೆಂದರು. "ಮಹದೇವಪ್ಪನ ಬೇಲೂ ಇಷ್ಟೇಯಾ?" ಎಂದು ಇನ್ಯಾರೋ ಅಂದರು. ಪದ್ಮಶ್ರೀಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾಲ್ಕು, ಐದು. ಗಂಟೆ ಹನ್ನೊಂದಾಗಿತ್ತು. ಆರನೆಯ ಬೇಲ್‌ನಲ್ಲಿ ಕವರ್ ಸಿಕ್ಕಿತು.

ಅಧಿಕಾರಿ ಬಗ್ಗಿ ನೋಡಿದರು. "ಇದಕ್ಕೋಸ್ಕರ ಇಷ್ಟೆಲ್ಲನಾ? ಏನಿದು?"

ಮಹದೇವಪ್ಪ ಕವರನ್ನು ಬಿಳಿ ಅಂಗಿಗೇ ಒರೆಸಿದ. "ನನ್ ಮಗಳ್ದು ಸಾ. ಡಾಕ್ಟ್ರು ಓದಕ್ಕೆ ಸೀಟು ಸಿಕ್ಕದೆ. ಸೊಪ್ಪು ವರ್ಸ ವರ್ಸವೂ ಬೆಳೀತದೆ. ಈ ಮಗು ವಾಂತಿ ಮಾಡ್ಕಂಡು ಮಾಡ್ಕಂಡು ಮೂರು ವರ್ಸ ಓದದೆ. ನಾನು ಕಣ್ಣಾರೆ ನೋಡಿವ್ನಿ. ಇದ ಯಾರ್‌ಗೂ ಬುಟ್ಕೊಡಕಾಗಲ್ಲ."

ಪದ್ಮಶ್ರೀ ನೆಲದ ತುಂಬ ಹರಡಿದ್ದ ಸೊಪ್ಪು ನೋಡಿ ಎತ್ತಿ ಜೋಡಿಸಲು ಬಗ್ಗಿದಳು. ಅಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿದ. "ಇದ್ರ ಗೊಡವೆ ನಿಂಗ್ಯಾಕೆ? ಓಗ್ ಓಗು! ಶಶಿ, ಇವಳ್ನ ಮೈಸೂರು ಬಸ್ ಅತ್ತಿಸ್ಲಾ!"

ಬೈಕ್ ಹೊರಟಿತು. ಕವರನ್ನು ಎದೆಗವಚಿಕೊಂಡು ಹಿಂದೆ ಕೂತಿದ್ದ ಪದ್ಮಶ್ರೀ ಹೋ ಎಂದು ಅತ್ತಳು. ಶಶಿಕುಮಾರ್ ಗಾಬರಿಯಾಗಿ ಬೈಕ್ ನಿಧಾನ ಮಾಡಿದ. "ಸಿಕ್ತಲ್ಲಕ್ಕ, ಇನ್ಯಾಕಳು?"

"ನೋಡ್ತಿದ್ನಂತೆ ಕಣ್ಲಾ! ಮೂರು ವರ್ಷವೂ ನೋಡ್ತಿದ್ನಂತೆ!" ಎಂದು ಅವಳು ಅಳುತ್ತಲೇ ಕಿರುಚಿದಳು. "ಯಾರೋ ಆಫೀಸರ್‌ಗೆ ಹೇಳ್ತಾನೆ, ನನ್ ಹತ್ರ ಒಂದ್ ದಿನ ಹೇಳಕ್ಕೆ ಏನಾಗಿತ್ತು ಆ ಮನುಷ್ಯಂಗೆ?"