ಫಾರಂ ಅಕ್ಕನವರೂ ನಲವತ್ಮೂರನೆಯ ಸಹಿಯೂ

ಲೆಕ್ಕಪರಿಶೋಧಕರ ಪರವಾನಗಿ ಪರೀಕ್ಷೆಗೆ ಅಭ್ಯರ್ಥಿಗಳನ್ನು ಸಿದ್ಧಗೊಳಿಸುವ ನಮ್ಮ ತರಬೇತಿ ಸಂಸ್ಥೆಯಿಂದ ಹೊರಬಂದವರಲ್ಲಿ ಪಾಠ ಹೇಳಿದ ಮೇಷ್ಟ್ರುಗಳನ್ನು ಮರೆತವರು ಇರಬಹುದು, ಫಾರಂ ಅಕ್ಕನವರನ್ನು ಮರೆತವರು ಇರಲಾರರು. ಅವರು ಲೆಕ್ಕಪರಿಶೋಧಕರಲ್ಲ, ಪಾಠ ಹೇಳಿದವರೂ ಅಲ್ಲ. ಮೆಟ್ಟಿಲ ಪಕ್ಕದ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕುಳಿತು ಪರೀಕ್ಷಾ ಅರ್ಜಿಗಳನ್ನು ತಿದ್ದಿ, ತುಂಬಿಸಿ, ಕಳಿಸಿದವರು. ಅವರ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬರೆದವರೆಲ್ಲ ಆ ಕಿಟಕಿಯಲ್ಲಿ ಒಮ್ಮೆಯಾದರೂ ಬೈಸಿಕೊಂಡವರೇ.

ಅವರು ಬೆರಳಚ್ಚುಗಾರ್ತಿಯಾಗಿ ಸೇರಿದ ಆರನೆಯ ವರ್ಷ ಪರೀಕ್ಷೆಯ ಪಠ್ಯಕ್ರಮ ಬದಲಾಯಿತು. ಹಿಂದೆ ಪಾಸಾದ ಪತ್ರಿಕೆಗಳು ಉಳಿಯಬೇಕಾದರೆ ಗಡುವಿನೊಳಗೆ ಅರ್ಜಿ ಕೊಡಬೇಕೆಂಬ ಸುತ್ತೋಲೆಯನ್ನು ಫಲಕಕ್ಕೆ ಅಂಟಿಸಿ, ತಮ್ಮ ಪಾಲಿನ ಕೆಲಸ ಮುಗಿಯಿತೆಂದು ಅಕ್ಕನವರು ಭಾವಿಸಿದರು. ತಂದೆಯ ಆರೈಕೆಗೆಂದು ಎರಡು ತಿಂಗಳು ಆಸ್ಪತ್ರೆಯಲ್ಲೇ ಇದ್ದ ವಿದ್ಯಾರ್ಥಿನಿಯೊಬ್ಬಳು ಅದನ್ನು ನೋಡಲೇ ಇಲ್ಲ. ಗಡುವು ಮೀರಿತು, ಆಕೆ ಪಾಸಾಗಿದ್ದ ಮೂರು ಪತ್ರಿಕೆಗಳೂ ರದ್ದಾದವು.

"ನೋಟಿಸ್ ಹಾಕಿದ್ದೆನಲ್ಲಮ್ಮಾ," ಎಂದರು ಅಕ್ಕನವರು.

"ಹೌದಕ್ಕ, ನಾನೇ ನೋಡ್ಲಿಲ್ಲ," ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ ಆಕೆ ಮತ್ತೆ ಬರಲಿಲ್ಲ. ಅವಳು ಜಗಳವಾಡಿದ್ದರೆ ಎಂದೋ ಮರೆತುಬಿಡುತ್ತಿದ್ದೆ ಎಂದು ಅಕ್ಕನವರು ಎಷ್ಟೋ ವರ್ಷಗಳ ಮೇಲೆ ಸಹೋದ್ಯೋಗಿಗಳಲ್ಲಿ ಹೇಳಿಕೊಂಡದ್ದುಂಟು.

ನಾಲ್ಕು ವರ್ಷದ ಹಿಂದೆ ಮತ್ತೊಂದು ದೊಡ್ಡ ಬದಲಾವಣೆ ಬಂತು. ಎಂಟು ಪತ್ರಿಕೆಗಳ ಪರೀಕ್ಷೆ ಏಳಕ್ಕೆ ಇಳಿದು, ಪೆನ್ನಿನ ಬದಲು ಕಂಪ್ಯೂಟರ್ ಮುಂದೆ ಕೂರಬೇಕೆಂದಾದಾಗ ಮೇಷ್ಟ್ರುಗಳೆಲ್ಲ ಹೊಸ ಟಿಪ್ಪಣಿ ಬರೆಯುವುದರಲ್ಲಿ ಮುಳುಗಿದರು. ಹಿಂದೆ ಪಾಸಾದ ಪತ್ರಿಕೆಗಳನ್ನು ಮತ್ತೆ ಬರೆಯಬೇಕಿಲ್ಲ, ಆ ವಿನಾಯಿತಿ ತಾನಾಗಿಯೇ ಸಿಗುತ್ತದೆ ಎಂಬುದು ಪ್ರಾಂಶುಪಾಲರ ನಂಬಿಕೆ. ಸುತ್ತೋಲೆಯನ್ನು ಮೂರು ಸಲ ಓದಿದ್ದ ಅಕ್ಕನವರಿಗೆ ಹದಿನೆಂಟನೆಯ ಪುಟದಲ್ಲಿ ಬೇರೆಯೇ ಕಂಡಿತ್ತು: ತಿಂಗಳ ಕೊನೆಯೊಳಗೆ ಅಭ್ಯರ್ಥಿಯೇ ಸಹಿ ಹಾಕಿ ಅರ್ಜಿ ಕೊಡದಿದ್ದರೆ ವಿನಾಯಿತಿ ಇಲ್ಲ.

"ಹಾಗೆಲ್ಲ ಇರೋದಿಲ್ಲ ಬಿಡಿ ಅಕ್ಕಾ," ಎಂದರು ಪ್ರಾಂಶುಪಾಲರು.

"ಇಲ್ದಿದ್ರೆ ಒಳ್ಳೇದೇ ಸಾರ್. ಅವರ ಬಾಯಲ್ಲೇ ಕೇಳ್ಬಿಡೋಣ," ಎಂದು ಅಕ್ಕನವರು ಪರೀಕ್ಷಾ ಮಂಡಳಿಗೆ ಫೋನ್ ಹಚ್ಚಿ ರಿಸೀವರನ್ನು ಅವರ ಕೈಗೇ ಕೊಟ್ಟರು. ಕೇಳುತ್ತ ಕೇಳುತ್ತ ಪ್ರಾಂಶುಪಾಲರ ಮುಖ ಸಣ್ಣಗಾಯಿತು. ಫೋನಿಟ್ಟವರೇ, ಎರಡು ವಾರ ಬೇರೆ ಯಾವ ಕೆಲಸವನ್ನೂ ಅಕ್ಕನವರಿಗೆ ಹಚ್ಚಕೂಡದೆಂದು ಕಚೇರಿಗೆ ಹೇಳಿದರು. ತಪ್ಪನ್ನು ಒಪ್ಪಿಕೊಳ್ಳುವ ಆ ದೊಡ್ಡತನವನ್ನೂ ಇಲ್ಲಿ ನೆನೆಯಬೇಕು.

ಹೀಗೆ ಅರ್ಜಿ ಕೊಡಬೇಕಿದ್ದ ಅಭ್ಯರ್ಥಿಗಳು ನಲವತ್ಮೂರು ಮಂದಿ. ನಲವತ್ತೆರಡು ಸಹಿ ಬಂದವು. ಉಳಿದವನು ಆರು ಪತ್ರಿಕೆ ಗೆದ್ದು, ಕೊನೆಯ ಎರಡರಲ್ಲಿ ಮೂರು ಸಲ ಬಿದ್ದು, ಹೇಳದೆ ಕೇಳದೆ ಬಿಟ್ಟುಹೋದವನು. ಫೋನ್ ಸತ್ತಿತ್ತು. ಹಳೆಯ ಮನೆಯ ಯಜಮಾನಿ, ಅವನು ಊರಾಚೆಯ ಟೈಲ್ಸ್ ಗೋದಾಮಿನಲ್ಲಿದ್ದಾನೆಂದರು. ಗಡುವಿಗೆ ಒಂದೇ ದಿನ ಉಳಿದಿರುವಾಗ ಅಕ್ಕನವರು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದರು.

ಪೆಟ್ಟಿಗೆ ಎಣಿಸುತ್ತಿದ್ದವನು ಕಕ್ಕಾಬಿಕ್ಕಿಯಾದ. "ಅಕ್ಕಾ, ನೀವಿಲ್ಲಿ? ಟೈಲ್ಸ್ ಬೇಕಿತ್ತಾ?"

"ಟೈಲ್ಸ್ ತಗೊಂಡು ತಲೆ ಚಚ್ಕೊಳ್ಳಲಾ? ನಿನ್ನ ಸಹಿ ಬೇಕು."

ವಿಷಯ ಕೇಳಿ ಅವನು ತಲೆಯಾಡಿಸಿದ. "ಬೇಡಕ್ಕ. ಮನೇಲಿ ಈಗ ಪರೀಕ್ಷೆ ಅನ್ನೋ ಮಾತೇ ಇಲ್ಲ, ನೆಮ್ಮದಿಯಾಗಿದೀವಿ. ಇನ್ನೊಂದ್ಸಲ ಫೇಲಾದ್ರೆ ತಡ್ಕೊಳ್ಳೋ ಶಕ್ತಿ ನನಗಿಲ್ಲ."

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಬುದ್ಧಿಮಾತುಗಳೆಲ್ಲ ಅಕ್ಕನವರಿಗೆ ಆ ಕ್ಷಣಕ್ಕೆ ಒಣ ಮಾತುಗಳೆನಿಸಿದವು. ಒಂದು ಪೆಟ್ಟಿಗೆಯ ಮೇಲೆ ಕುಳಿತರು.

"ಓದು ಅನ್ನೋಕೆ ಬಂದಿಲ್ಲಪ್ಪ. ಬಿಡೋದಾದ್ರೆ ನೀನಾಗಿ ಬಿಡು. ಗೊತ್ತಾಗ್ದೆ ಕೈ ತಪ್ಪಿಹೋಯ್ತು ಅಂತ ಮಾತ್ರ ಆಗ್ಬಾರ್ದು," ಎಂದು, ಆಸ್ಪತ್ರೆಯಲ್ಲಿದ್ದ ಆ ಹುಡುಗಿಯ ವಿಷಯವನ್ನು ಹೇಳಿದರು.

"ಆಮೇಲೆ ಅವರೇನಾದ್ರು?"

"ಗೊತ್ತಿಲ್ಲ. ಹುಡುಕಿದೆ, ಸಿಗ್ಲಿಲ್ಲ."

ಅವನು ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿಮ್ಮ ಸಮಾಧಾನಕ್ಕೆ ಹಾಕ್ತೀನಿ, ಅಷ್ಟೇ."

"ಅಷ್ಟು ಸಾಕು."

ಮರುದಿನ ಅಕ್ಕನವರು ಅರ್ಜಿಯನ್ನು ಖುದ್ದಾಗಿ ಮಂಡಳಿಗೆ ಸಲ್ಲಿಸಿ, ಮುದ್ರೆಯೊತ್ತಿದ ರಸೀದಿ ತಂದರು.

ವರ್ಷವೊಂದು ಕಳೆಯಿತು. ಒಂದು ಮಧ್ಯಾಹ್ನ ಅವನು ಹೆಂಡತಿಯ ಜೊತೆ ಕಿಟಕಿಯ ಮುಂದೆ ನಿಂತಿದ್ದ. ಉಳಿದ ಎರಡು ಪತ್ರಿಕೆಗಳು ಹೊಸ ಪದ್ಧತಿಯಲ್ಲಿ ಒಂದೇ ಆಗಿವೆಯೆಂದು ತಿಳಿದ ಹೆಂಡತಿಯೇ ಹೊರಡಿಸಿಕೊಂಡು ಬಂದಿದ್ದಳು. ಅಕ್ಕನವರು 'ನಾನು ಹೇಳಲಿಲ್ಲವೇ' ಎನ್ನಲಿಲ್ಲ. ಫೋಟೋ ಹಳೆಯದೆಂದು ಗದರಿ ಹೊಸದು ತರಲು ಕಳಿಸಿದರು. ಆ ಸಲವೂ ಅವನು ನಾಲ್ಕು ಅಂಕಗಳಿಂದ ಬಿದ್ದ. ಆದರೆ ಮರುವಾರವೇ ಬಂದು ಮತ್ತೆ ಅರ್ಜಿ ಕೇಳಿದ. ತಡೆದುಕೊಳ್ಳುವ ಶಕ್ತಿ ಇಲ್ಲವೆಂದವನಿಗೆ ಅದು ಎಲ್ಲಿಂದಲೋ ಬಂದಿತ್ತು. ಮುಂದಿನ ಫಲಿತಾಂಶದ ದಿನ ಅವನು ಫೋನಿನಲ್ಲಿ "ಅಕ್ಕಾ, ಆಯ್ತು!" ಎಂದು ಕೂಗಿದಾಗ, "ತಾಳು, ನಂಬರ್ ಹೇಳು," ಎಂದು ತಾವೇ ಪಟ್ಟಿ ತೆರೆದು ನೋಡಿದರು. ಆಮೇಲೆ, ಮೂಗು ಏರಿಸಿದ ಸದ್ದಿನೊಡನೆ, "ಸರಿಯಾಗಿದೆ," ಎಂದರು.

ಈ ತಿಂಗಳು ಅಕ್ಕನವರು ನಿವೃತ್ತರಾಗುತ್ತಿದ್ದಾರೆ. ವಾರಕ್ಕೆರಡು ದಿನವಾದರೂ ಬಂದು ಹೊಸಬರಿಗೆ ಕೆಲಸ ಕಲಿಸಬೇಕೆಂದು ಪ್ರಾಂಶುಪಾಲರು ಕೇಳಿಕೊಂಡಾಗ, "ಬರ್ತೀನಿ ಸಾರ್, ಆದ್ರೆ ಹತ್ತಕ್ಕೆ ಮುಂಚೆ ಕರೀಬೇಡಿ. ಮೂವತ್ತೊಂದು ವರ್ಷದ ಬೆಳಗಿನ ನಿದ್ದೆ ಬಾಕಿ ಇದೆ," ಎಂದರಂತೆ. ಆ ನಿದ್ದೆ ಅವರಿಗೆ ಸೊಂಪಾಗಿ ದಕ್ಕಲಿ. ಕಣ್ಣಿನ ಚುರುಕೂ ಕಾಲಿನ ಕಸುವೂ ನೂರರವರೆಗೆ ಜೊತೆಗಿರಲಿ. ಹತ್ತು ಗಂಟೆಯ ಮೇಲೆ ಮಾತ್ರ, ದಯವಿಟ್ಟು, ಅವರು ನಮ್ಮವರಾಗಿಯೇ ಇರಲಿ.